ಮೀನು ಕೊಚ್ಚುವ ಕೈಗೆ ಒಂದು ಕೀಬೋರ್ಡು

ಸಿಟ್ಟನ್ನು ಆರಲು ಬಿಡಬಾರದು ಎಂದು ನಂಬಿದವಳು ನಾನು. "ಮರ್ತ್ ಬಿಡ್, ದೊಡ್ಡ ಮನ್ಸ್ ಮಾಡ್" ಎಂದು ಬುದ್ಧಿ ಹೇಳಿದವರೆಲ್ಲ ಬುದ್ಧಿ ಹೇಳುವಷ್ಟು ಸುಖವಾಗಿದ್ದವರು. ಮರೆಯಬೇಕಾದದ್ದು ಅವರಿಗೆ ಆದದ್ದಲ್ಲವಲ್ಲ. ನನಗೆ ಆದದ್ದಕ್ಕೆ ನಾನು ಉಪ್ಪು ಹಾಕಿ ಇಟ್ಟೆ, ಮಳೆಗಾಲಕ್ಕೆಂದು ಮೀನಿಗೆ ಹಾಕಿ ಇಡುವ ಹಾಗೆ. ಹದಿಮೂರು ವರ್ಷ ಇಟ್ಟೆ. ತೆಗೆದು ನೋಡಿದಾಗಲೆಲ್ಲ ಅದು ಇದ್ದ ಹಾಗೇ ಇತ್ತು.

ಆದದ್ದು ೧೯೯೭ರಲ್ಲಿ, ಕುಂದಾಪುರದ ಒಂದು ಮದುವೆ ಹಾಲಿನಲ್ಲಿ. ಅದಕ್ಕೂ ಮೊದಲು ನನ್ನ ಕೈಯ ಬಗ್ಗೆ ಹೇಳಬೇಕು, ಜಗಳ ಶುರುವಾದದ್ದೇ ಕೈಯಿಂದ.

ನಮ್ಮದು ಕಡಲ ಬದಿಯ ಕೇರಿ. ಅಪ್ಪಯ್ಯ ಬೋಟಿಗೆ ಹೋಗುತ್ತಿದ್ದರು. ಅಬ್ಬಿ, ಅಂದರೆ ನನ್ನ ತಾಯಿ, ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಬುಟ್ಟಿ ಇಟ್ಟು ಕೂರುತ್ತಿದ್ದಳು. ಭಾನುವಾರ ಗಿರಾಕಿ ಜಾಸ್ತಿ, ಹಾಗಾಗಿ ಅವತ್ತು ನಾನೂ ಹೋಗಿ ಪಕ್ಕದಲ್ಲಿ ಮೆಟ್ಟುಗತ್ತಿಯ ಮೇಲೆ ಕಾಲಿಟ್ಟು ಕೂತು ಮೀನು ಕೊಚ್ಚಿ ಕೊಡುತ್ತಿದ್ದೆ. ಶನಿವಾರ ಸಂಜೆ ಕೇರಿಯ ಭಜನಾ ಮಂದಿರದಲ್ಲಿ ಹಾರ್ಮೋನಿಯಂ ನುಡಿಸುವುದು. ಆ ಹಾರ್ಮೋನಿಯಂ ನನಗಿಂತ ಹಿರಿಯದು. ಉಪ್ಪು ಗಾಳಿಗೆ ಮರ ಉಬ್ಬಿ, ಅದರ ಕೀಗಳು ಒತ್ತಿದರೆ ಇಳಿಯುತ್ತಿರಲಿಲ್ಲ, ಇಳಿದರೆ ಏಳುತ್ತಿರಲಿಲ್ಲ. ಇಳಿಸುವುದಕ್ಕೆ ರಟ್ಟೆಯ ಬಲ ಬೇಕು, ಎಬ್ಬಿಸುವುದಕ್ಕೆ ಉಗುರು ಬೇಕು. ಹತ್ತು ವರ್ಷ ಅದರ ಜೊತೆ ಗುದ್ದಾಡಿ ನನ್ನ ಬೆರಳುಗಳು ಗಟ್ಟಿಯಾದವು.

ಹಾಡುವ ಹೆಂಗಸರಿಗೋ ಒಬ್ಬೊಬ್ಬರಿಗೆ ಒಂದೊಂದು ಶ್ರುತಿ. ನಮ್ಮ ಕಡೆ ಶ್ರುತಿಯನ್ನು ಹಾರ್ಮೋನಿಯಂ ಕೀ ಎಣಿಸಿಯೇ ಹೇಳುವುದು: ಬಿಳಿ ಒಂದು, ಕಪ್ಪು ಒಂದು, ಬಿಳಿ ಎರಡು, ಕಪ್ಪು ಎರಡು, ಹೀಗೆ. ಒಬ್ಬಳದ್ದು ಬಿಳಿ ನಾಲ್ಕು, ಇನ್ನೊಬ್ಬಳದ್ದು ಕಪ್ಪು ಐದು, ಕೆಮ್ಮು ಬಂದ ದಿನ ಅದೂ ಬೇರೆ. ದಿನವಿಡೀ ಬಿಸಿಲಲ್ಲಿ ಮೀನು ಮಾರಿ ಬಂದವರಿಗೆ "ಶ್ರುತಿ ಸ್ವಲ್ಪ ಇಳಿಸಿ" ಎನ್ನುವ ಧೈರ್ಯ ಯಾರಿಗಿದೆ? ಅವರ ಗಂಟಲು ಎಲ್ಲಿ ನಿಂತಿತೋ ಅಲ್ಲಿಗೆ ನನ್ನ ಬೆರಳು ಹೋಗಬೇಕು. ಹಾಗಾಗಿ ಹನ್ನೆರಡು ಶ್ರುತಿಯಲ್ಲೂ ನುಡಿಸುವುದು ನನಗೆ ಕಲಿತು ಬಂದದ್ದಲ್ಲ, ಬೈಗುಳ ತಪ್ಪಿಸಿಕೊಳ್ಳಲು ಬಂದದ್ದು.

ಮಂದಿರದ ವಾರ್ಷಿಕ ಭಜನೆಗೆ ಬಂದ ಒಬ್ಬರು ನನ್ನ ವಾದನ ಕೇಳಿ ತಮ್ಮ ಆರ್ಕೆಸ್ಟ್ರಾಕ್ಕೆ ಕರೆದರು. ತಂಡದ ಯಜಮಾನರೂ ಅವರೇ, ಮುಖ್ಯ ಕೀಬೋರ್ಡ್ ನುಡಿಸುವವರೂ ಅವರೇ. ಊರಿಗೆಲ್ಲ ಅವರು ಮಾಸ್ಟ್ರು. ಮದುವೆಯ ಊಟದ ಹೊತ್ತಿಗೆ, ಶಾಲೆಯ ವಾರ್ಷಿಕೋತ್ಸವಕ್ಕೆ, ಶಾರದೋತ್ಸವಕ್ಕೆ ಅವರ ರಸಮಂಜರಿ ಇಲ್ಲದೆ ಆಗುತ್ತಿರಲಿಲ್ಲ. ನನಗೆ ಎರಡನೇ ಕೀಬೋರ್ಡ್ ಕೊಟ್ಟರು. ಹತ್ತೊಂಬತ್ತು ವರ್ಷದ ನನಗೆ ಅದು ಸಿಂಹಾಸನ.

ಆರು ತಿಂಗಳಲ್ಲಿ ನನಗೆ ಒಂದು ವಿಷಯ ತಿಳಿಯಿತು. ಮಾಸ್ಟ್ರು ಲೋಕದ ಹಾಡನ್ನೆಲ್ಲ ಬಿಳಿ ಒಂದರಲ್ಲಿ ಮಾತ್ರ ನುಡಿಸುತ್ತಿದ್ದರು. ಹಾಡುವವರ ಶ್ರುತಿ ಯಾವುದೇ ಇರಲಿ, ಕೀಬೋರ್ಡಿನ ಟ್ರಾನ್ಸ್‌ಪೋಸ್ ಬಟನ್ ಒತ್ತಿಬಿಟ್ಟರೆ ಯಂತ್ರವೇ ಶ್ರುತಿ ಏರಿಸುತ್ತದೆ, ಇಳಿಸುತ್ತದೆ. ಬೆರಳು ಮಾತ್ರ ಅದೇ ಹಳೆಯ ದಾರಿಯಲ್ಲಿ ಓಡಾಡಿಕೊಂಡಿರುತ್ತದೆ. ತಪ್ಪೇನಲ್ಲ, ಬಹಳ ಜನ ಹಾಗೆಯೇ ಮಾಡುತ್ತಾರೆ. ನಾನು ಮಾಡಿದ ತಪ್ಪು ಎಂದರೆ ಒಂದು ದಿನ ತಬಲದವರ ಎದುರು, ಏನೂ ಅರಿಯದವಳ ಹಾಗೆ, "ಮಾಸ್ಟ್ರೇ, ಬಟನ್ ಇಲ್ದೆಯೂ ಆತ್ತಲೆ, ಕಪ್ಪು ಒಂದ್ರಗೆ ಸೀದಾ ನುಡ್ಸುಕೆ" ಎಂದದ್ದು. ಎಂದದ್ದು ಮಾತ್ರವಲ್ಲ, ನುಡಿಸಿ ತೋರಿಸಿದೆ. ತಬಲದವರು ತಲೆ ಕೆಳಗೆ ಹಾಕಿ ನಕ್ಕರು. ಮಾಸ್ಟ್ರು ಬಟನ್ ಒತ್ತಿ ಮುಂದಿನ ಹಾಡಿಗೆ ಹೋದರು.

ಮುಂದಿನ ಕಾರ್ಯಕ್ರಮವೇ ಆ ಮದುವೆ. ಮಾರ್ಕೆಟ್ಟಿಗೆ ಅವತ್ತು ರಜೆ ಹಾಕಿ ಅಬ್ಬಿ ಮೊದಲ ಸಲ ನನ್ನನ್ನು ಸ್ಟೇಜಿನ ಮೇಲೆ ನೋಡಲು ಬಂದಿದ್ದಳು. ನಿಂಬೆಹುಳಿ ಎರಡು ಸಲ ಉಜ್ಜಿ ಕೈ ತೊಳೆದು, ಮಲ್ಲಿಗೆ ಮುಡಿದು, ಎರಡನೇ ಸಾಲಿನಲ್ಲಿ ಕೂತಿದ್ದಳು. ಮೂರನೇ ಹಾಡಿಗೆ ನನ್ನ ಕೀಬೋರ್ಡಿನ ಒಂದು ಕೀ ಟಕ್ಕೆಂದು ಮುರಿಯಿತು. ಪ್ಲಾಸ್ಟಿಕ್ಕು, ಮೊದಲೇ ಸೀಳು ಬಿಟ್ಟಿತ್ತು. ಕೆಳಗೆ ಹೋದ ಕೀ ಮೇಲೆ ಬರದೆ ಒಂದೇ ಸ್ವರ ಹಾಲ್ ತುಂಬ ಕಿರುಚತೊಡಗಿತು. ಮಾಸ್ಟ್ರು ಎದ್ದು ಬಂದು ಸ್ವಿಚ್ ಆರಿಸಿದರು. ಆಮೇಲೆ ಮೈಕ್ ಕೈಗೆ ತೆಗೆದುಕೊಂಡರು. ಆಫ್ ಆಗಿದೆ ಎಂದುಕೊಂಡು ಹಿಡಿದದ್ದಲ್ಲ, ಬೇಕೆಂದೇ ಹಿಡಿದದ್ದು.

"ಇದ್ ಕೀಬೋರ್ಡ್ ಹೆಣ್ಣೆ, ಮೆಟ್ಟುಗತ್ತಿ ಅಲ್ಲ," ಎಂದರು. "ಮೀನ್ ಕೊಚ್ಚು ಕೈ ಇಲ್ಲಿ ಹಾಕ್ಬೇಡ."

ಹಾಲ್ ನಕ್ಕಿತು. ಮದುವೆ ಮನೆಯವರು ನಗಲು ತಯಾರಾಗಿಯೇ ಬಂದಿರುತ್ತಾರೆ. ನಾನು ಎರಡನೇ ಸಾಲನ್ನು ನೋಡಿದೆ. ಅಬ್ಬಿ ಅಳಲಿಲ್ಲ, ತಲೆ ತಗ್ಗಿಸಲಿಲ್ಲ. ಮಡಿಲಲ್ಲಿದ್ದ ಎರಡೂ ಕೈಗಳನ್ನು ಸೆರಗಿನ ಒಳಗೆ ಎಳೆದುಕೊಂಡಳು. ಅಷ್ಟೇ. ನನಗೆ ಹೇಳಿದ್ದನ್ನು ನಾನು ಒಂದು ದಿನ ಮರೆತರೂ ಮರೆಯುತ್ತಿದ್ದೆನೇನೋ, ಆ ಕೈ ಒಳಗೆ ಹೋದದ್ದನ್ನು ಮರೆಯುವುದು ಸಾಧ್ಯವಿರಲಿಲ್ಲ. ಆವತ್ತೇ ತೀರ್ಮಾನ ಮಾಡಿದೆ: ಇಂಥದೇ ಒಂದು ಹಾಲಿನಲ್ಲಿ, ಇಷ್ಟೇ ಜನರ ಎದುರು, ಇದೇ ಮೈಕಿನಲ್ಲಿ ಇವರ ಕೈಯನ್ನು ಒಳಗೆ ಎಳೆಸಬೇಕು.

ಅಬ್ಬಿ ಮಾತ್ರ ನನ್ನ ಸಿಟ್ಟಿಗೆ ಸೊಪ್ಪು ಹಾಕಲಿಲ್ಲ. ಮಾಸ್ಟ್ರು ಮೊದಲಿನಿಂದಲೂ ಅವಳ ಬುಟ್ಟಿಯ ಗಿರಾಕಿ. ಭಾನುವಾರ ಸ್ಕೂಟರಿನಲ್ಲಿ ಬಂದು, ಇಳಿಯದೆ, ಇಂಜಿನ್ ಆರಿಸದೆ, "ಲಾಯ್ಕಿಪ್ಪುದ್ ಹಾಕ್" ಎಂದು ಒಳ್ಳೆಯ ಮೀನನ್ನೇ ಕೇಳುತ್ತಿದ್ದರು. ನಾನು ಮೀನು ಕೊಚ್ಚುವವಳೆಂದು ನನ್ನ ಬಾಯಿಂದಲೇ ಕೇಳಿದ್ದರು, ಆದರೆ ಇವಳು ನನ್ನ ತಾಯಿ ಎಂದಾಗಲಿ, ಪಕ್ಕದಲ್ಲಿ ಕೂತವಳು ನಾನೆಂದಾಗಲಿ ಅವರಿಗೆ ಗೊತ್ತಿರಲಿಲ್ಲ. ಅವರು ಮೀನು ಮಾರುವವಳ ಮುಖ ನೋಡುವವರಲ್ಲ. ಆ ಮದುವೆಯ ನಂತರವೂ ಬಂದರು, ಅಬ್ಬಿ ಹಲ್ಲು ಬಿಟ್ಟು ನಗುತ್ತಾ "ಬನಿ ಮಾಸ್ಟ್ರೇ" ಎಂದು ಕರೆದು ಮೀನು ಹಾಕಿ ಕೊಟ್ಟಳು. ಮೇಲೆ ಎರಡು ಬಂಗ್ಡೆ ಕೊಸರು ಬೇರೆ. ನನಗೆ ಮೈ ಉರಿಯಿತು.

"ಮರ್ಯಾದಿ ಇಲ್ಯಾ ನಿಂಗೆ? ಅವ್ರಿಗೆ ಕೊಸರ್ ಹಾಕ್ತ್ಯಲೆ!" ಎಂದು ಕೂಗಾಡಿದೆ.

"ಗಿರಾಕಿ ಅಲ್ದಾ ಮಗಾ," ಎಂದಳು ಅಬ್ಬಿ. "ನಂಗೆ ಯಾಪಾರ ಆಯ್ಕ್." ಯಾಪಾರ ಆಗಬೇಕು ಎನ್ನುವುದೊಂದೇ ಅವಳ ಉತ್ತರ.

ಅವತ್ತಿನಿಂದ ನಾನು ಮಾರ್ಕೆಟ್ಟಿಗೆ ಹೋಗುವುದನ್ನೇ ಬಿಟ್ಟೆ. ಅವಳು ನನ್ನ ಕಾರ್ಯಕ್ರಮಗಳಿಗೆ ಮತ್ತೆ ಬರಲೇ ಇಲ್ಲ. ಎಷ್ಟು ಸಲ ಕರೆದರೂ ಯಾಪಾರದ ನೆಪ.

ನಾನು ಮಾಸ್ಟ್ರ ತಂಡ ಬಿಟ್ಟು, ಮನೆಯಿಂದಲೇ ದಿನಾ ಬಸ್ಸಿನಲ್ಲಿ ಬ್ರಹ್ಮಾವರಕ್ಕೆ ಹೋಗಿ ಬರತೊಡಗಿದೆ. ಒಂದು ಶಾಲೆಯಲ್ಲಿ ಪ್ರಾರ್ಥನೆ ಹೇಳಿಕೊಡುವ ಕೆಲಸ. ಅಲ್ಲಿ ನಿವೃತ್ತರಾದ ಒಬ್ಬ ಟೀಚರ್ ಇದ್ದರು, ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಹಾಡಿಗೆ ನುಡಿಸುತ್ತಿದ್ದವರು. ಅವರ ಮನೆಯ ಹಜಾರದಲ್ಲಿ ಒಂದು ಹಳೆಯ ಪಿಯಾನೋ ಇತ್ತು. ಮೊದಲ ದಿನ ಕೂತು ಒಂದು ಕೀ ಒತ್ತಿದೆ. ಅದು ನನ್ನ ಬೆರಳನ್ನು ತಿರುಗಿ ದೂಡಿತು. ಹಿಂದೆ ಸಣ್ಣ ಮರದ ಸುತ್ತಿಗೆ ಎದ್ದು ತಂತಿಗೆ ಬಡಿಯಬೇಕು, ಅದರ ಭಾರವೆಲ್ಲ ಬೆರಳಿಗೆ ಸಿಗುತ್ತದೆ. ಮೆತ್ತಗೆ ಒತ್ತಿದರೆ ಮೆತ್ತಗೆ ಮಾತಾಡುತ್ತದೆ, ಕುಟ್ಟಿದರೆ ಕೂಗುತ್ತದೆ. ಮಾಸ್ಟ್ರ ಕೀಬೋರ್ಡಿಗೆ ತಟ್ಟಿದರೂ ಒಂದೇ, ಕುಟ್ಟಿದರೂ ಒಂದೇ ಆಗಿತ್ತು.

ಟೀಚರ್ ನನ್ನ ಕೈಯನ್ನು ಹಿಡಿದು, ತಿರುಗಿಸಿ ನೋಡಿದರು. ಮೆಟ್ಟುಗತ್ತಿಯ ಗಾಯದ ಗೆರೆಗಳಿದ್ದವು. "ಎಲ್ಲಿ ಸಿಕ್ಕಿತು ನಿನಗೆ ಇಷ್ಟು ಒಳ್ಳೆ ಕೈ?" ಎಂದರು.

ನಾನು ಮುಖ ತಿರುಗಿಸಿಕೊಂಡೆ. ಅಳು ಬಂದಿತ್ತು, ಅದಕ್ಕೂ ಸಿಟ್ಟು ಬಂತು. ಹತ್ತು ವರ್ಷ ಅವರಲ್ಲಿ ಕಲಿತೆ. ಬೆರಳಿನ ಭಾರವನ್ನು ಕಡಿಮೆ ಮಾಡುವುದನ್ನಲ್ಲ, ಎಲ್ಲಿ ಎಷ್ಟು ಇಳಿಸಬೇಕು ಎಂಬುದನ್ನು. ಮಧ್ಯೆ ಸ್ವಂತಕ್ಕೆ ಕಾರ್ಯಕ್ರಮಗಳೂ ಬಂದವು, ಮಕ್ಕಳಿಗೆ ಪಾಠವೂ ಶುರುವಾಯಿತು. ಆದರೆ ಪಿಯಾನೋ ಹೊತ್ತುಕೊಂಡು ಬಸ್ಸು ಹತ್ತಲು ಆಗುವುದಿಲ್ಲ. ಸ್ಟೇಜಿಗೆ ಹೋದಾಗ ಮತ್ತೆ ಯಾರದ್ದೋ ಹಗುರ ಪ್ಲಾಸ್ಟಿಕ್ಕು, ಮತ್ತೆ ಅದೇ ಟಕ್ ಟಕ್. ನನಗೆ ಪಿಯಾನೋದ ಹಾಗೆ ಭಾರದ ಕೀ ಇರುವ, ನಾನೊಬ್ಬಳೇ ಎತ್ತಬಲ್ಲ ಕೀಬೋರ್ಡು ಬೇಕಿತ್ತು. ಈ ಎರಡು ಮಾತು ಒಂದಕ್ಕೊಂದು ಶತ್ರುಗಳು ಎಂದು ಅಂಗಡಿಗೆ ಹೋದ ಮೇಲೆ ಗೊತ್ತಾಯಿತು.

೨೦೧೦ರಲ್ಲಿ ಅದನ್ನು ಹುಡುಕಲು ಹೊರಟೆ. ಅಷ್ಟು ಹೊತ್ತಿಗೆ ಮಿಡಿ ಕಂಟ್ರೋಲರ್ ಎನ್ನುವುದು ನಮ್ಮ ಕಡೆಗೂ ಬಂದಿತ್ತು. ಅದರೊಳಗೆ ಸ್ವಂತ ಸದ್ದಿಲ್ಲ, ಬರಿಯ ಕೀಗಳು. ಒಂದು ವಯರಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಸದ್ದು ಅಲ್ಲಿಂದ ಹೊರಡುತ್ತದೆ. ಸದ್ದಿನ ಯಂತ್ರಗಳು ಒಳಗಿಲ್ಲದ್ದರಿಂದ ಒಂದಿಷ್ಟು ಭಾರ ಕಡಿಮೆ, ಅದೇ ನನ್ನ ಆಸೆ.

ಹೊರಡುವ ಮೊದಲು ಅಳತೆ ತೆಗೆದೆ. ಅಬ್ಬಿ ಬಲೆ ಹೆಣೆಯುವ ನೂಲಿನ ಒಂದು ಉದ್ದ ತುಂಡು ಕೊಟ್ಟಳು. ನಮ್ಮಲ್ಲಿ ಯಾವುದನ್ನು ಅಳೆಯುವುದಿದ್ದರೂ ನೂಲಿಗೆ ಗಂಟು ಹಾಕುವುದೇ ರೂಢಿ. ರಿಕ್ಷಾದ ಹಿಂದಿನ ಸೀಟಿನ ಅಗಲಕ್ಕೆ ಒಂದು ಗಂಟು. ಕುಂದಾಪುರದಿಂದ ಬೈಂದೂರಿಗೆ ಹೋಗುವ ಖಾಸಗಿ ಬಸ್ಸಿನ ಹಿಂದಿನ ಬಾಗಿಲಿನಿಂದ ಕೊನೆಯ ಸೀಟಿನ ತನಕ ಒಂದು ಗಂಟು. ಶಾಲೆಗಳಲ್ಲಿ ಸ್ಟೇಜಿಗೆ ತಂದು ಹಾಕುವ ಬೆಂಚಿಗೆ ಇನ್ನೊಂದು.

ಮಂಗಳೂರಿನ ಅಂಗಡಿಗೆ ಮೂರು ಶನಿವಾರ ಹೋದೆ. ಸೇಲ್ಸ್‌ಮನ್ ಮೊದಲು ತೋರಿಸಿದ್ದು ಎಂಬತ್ತೆಂಟು ಕೀಯದ್ದು. ಕೂತು ನುಡಿಸಿದೆ. ಟೀಚರ ಮನೆಯ ಪಿಯಾನೋವೇ ಅದು, ಬಿಟ್ಟು ಏಳಲು ಮನಸ್ಸಾಗಲಿಲ್ಲ. ಎದ್ದು ನೂಲು ಹಿಡಿದೆ. ರಿಕ್ಷಾದ ಗಂಟಿಗಿಂತ ಒಂದು ಗೇಣು ಉದ್ದ. ಎತ್ತಿ ನೋಡಿದೆ, ಎರಡು ಜನರ ಕೆಲಸ. ಎರಡನೆಯದು ಅರುವತ್ತೊಂದು ಕೀಯದ್ದು, ಕಂಕುಳಲ್ಲಿ ಇಟ್ಟುಕೊಂಡು ಓಡಬಹುದು. ಕೀ ಒತ್ತಿದರೆ ಸ್ಪ್ರಿಂಗು, ಕ್ಯಾಲ್ಕ್ಯುಲೇಟರ್ ಒತ್ತಿದ ಹಾಗೆ. ಅದರ ಮೇಲೆ "ಸೆಮಿ ವೆಯ್ಟೆಡ್" ಎಂದು ಬರೆದಿದ್ದರು. ಅರ್ಧ ಭಾರ ಎನ್ನುವುದು ಅರ್ಧ ಮರ್ಯಾದೆಯ ಹಾಗೆ, ಇದ್ದರೂ ಇಲ್ಲದ್ದೇ ಲೆಕ್ಕ. ಅದರ ಮೇಲೆ ನಾನು ಬೇಕೆಂದೇ ಕುಟ್ಟಿದೆ.

"ಮೆಲ್ಲ ಮೇಡಂ," ಎಂದ ಸೇಲ್ಸ್‌ಮನ್.

"ಮೆಲ್ಲ ಒತ್ತುವವರು ಬೇರೆ ಇದ್ದಾರೆ," ಎಂದೆ. "ಕುಟ್ಟಿದರೆ ತಡೆಯುವುದು ತೋರಿಸಿ."

ಮೂರನೆಯ ಶನಿವಾರ ಎಪ್ಪತ್ತಾರು ಕೀಯದ್ದೊಂದು ಬಂದಿತ್ತು. ಒಳಗೆ ಸುತ್ತಿಗೆಗಳಿದ್ದವು, ಕೀ ತಿರುಗಿ ದೂಡುತ್ತಿತ್ತು. ನೂಲು ಹಿಡಿದೆ, ರಿಕ್ಷಾದ ಗಂಟಿನ ಒಳಗೆ ಬಂತು. ಕರೆಂಟಿನ ಪ್ಲಗ್ಗೂ ಬೇಡ, ಲ್ಯಾಪ್‌ಟಾಪಿನ ಬ್ಯಾಟರಿಯಿಂದಲೇ ನಡೆಯುತ್ತದೆ. ನಮ್ಮ ಕಡೆಯ ಕಾರ್ಯಕ್ರಮದಲ್ಲಿ ಒಂದು ಸಲವಾದರೂ ಕರೆಂಟು ಹೋಗಿ ಜನರೇಟರ್ ಬರುವುದು ಗಣಪತಿ ಸ್ತುತಿಯಷ್ಟೇ ಖಾತ್ರಿ. ಆ ಹೊತ್ತಿಗೆ ಬೇರೆಯವರ ಕೀಬೋರ್ಡ್ ಸತ್ತು ಬದುಕಬೇಕಾಗುತ್ತದೆ, ಇದು ಸಾಯುವುದೇ ಇಲ್ಲ. ಒತ್ತಿದ ಮೇಲೆ ಸದ್ದು ತಡವಾಗಿ ಬರುತ್ತದೆಯೇ ಎಂದು ನನ್ನ ಲ್ಯಾಪ್‌ಟಾಪಿಗೇ ಸಿಕ್ಕಿಸಿ, ಕಣ್ಣು ಮುಚ್ಚಿ ಹತ್ತು ನಿಮಿಷ ಜೋರು ತಾಳದಲ್ಲಿ ನುಡಿಸಿ ನೋಡಿದೆ. ತಡ ಇರಲಿಲ್ಲ.

ಸೇಲ್ಸ್‌ಮನ್ ಪ್ರಾಮಾಣಿಕ. "ಒಂದು ಕುಂದು ಇದೆ ಮೇಡಂ," ಎಂದ. "ಇದರ ಮೇಲೆ ಟ್ರಾನ್ಸ್‌ಪೋಸ್ ಬಟನ್ ಇಲ್ಲ. ಬೇಕಾದರೆ ಲ್ಯಾಪ್‌ಟಾಪಿನಲ್ಲಿ ಮಾಡಬೇಕು. ನಿಮ್ಮ ಊರಿನವರೆಲ್ಲ ಅದನ್ನೇ ಕೇಳ್ತಾರೆ, ಹಾಗಾಗಿ ಹೋಗ್ತಾ ಇಲ್ಲ ಇದು."

ನಾನು ನೂಲನ್ನು ಸುತ್ತಿ ಚೀಲಕ್ಕೆ ಹಾಕಿದೆ. "ಪ್ಯಾಕ್ ಮಾಡಿ," ಎಂದೆ.

ಬಸ್ಸಿನಲ್ಲಿ ಕಂಡಕ್ಟರ್ ಪೆಟ್ಟಿಗೆಯನ್ನು ಮೇಲಿಂದ ಕೆಳಗೆ ನೋಡಿ "ಎಂತ ಅಕ್ಕಾ ಇದ್, ಬಾಗ್ಲಾ? ಮನಿ ಕಟ್ತ್ರ್ಯಾ?" ಎಂದ. ಊರಿಗೆ ತಂದು ಜಗಲಿಯಲ್ಲಿ ಬಿಚ್ಚಿದೆ. ಅಬ್ಬಿ ಒಂದು ಕೀ ಒತ್ತಿದಳು, ಇನ್ನೊಂದು ಒತ್ತಿದಳು.

"ಸದ್ದೇ ಇಲ್ಯಲ್ಲ! ಹಾಳಾದ್ ಕೊಟ್ರಾ ನಿಂಗೆ?"

"ಸದ್ದ್ ಬೇರೆ ಇತ್ತ್ ಅಬ್ಬಿ. ಇದ್ ಕೈಗೆ ಮಾತ್ರ."

ಅವಳು ಅದರ ಒಂದು ತುದಿ ಎತ್ತಿ ಭಾರ ನೋಡಿದಳು. ತೂಕಕ್ಕೆ ಅವಳಿಗೆ ತಕ್ಕಡಿ ಬೇಡ. "ಒಂದ್ ಬುಟ್ಟಿ ಬೈಗಿ ಮೀನ್ ಅಷ್ಟೇ. ತಲಿ ಮೇಲೆ ಹೊತ್ರೆ ಗೊತ್ತೇ ಆತಿಲ್ಲ" ಎಂದು, ಮೀನಿನ ಬುಟ್ಟಿಯ ಕೆಳಗೆ ತಲೆಗೆ ಇಡುವ ಬಟ್ಟೆಯ ಸಿಂಬೆಯನ್ನು ತಂದು ನನಗೆ ಕೊಟ್ಟಳು. ನೂಲು ಕೊಟ್ಟದ್ದೊಂದು ಬಿಟ್ಟರೆ, ಹದಿಮೂರು ವರ್ಷದಲ್ಲಿ ನನ್ನ ಸಂಗೀತದ ವಿಷಯಕ್ಕೆ ಅವಳು ಕೈ ಹಾಕಿದ್ದು ಅದೇ ಮೊದಲು.

ಎರಡು ತಿಂಗಳು ಕಳೆದಿರಬೇಕು, ಬೈಂದೂರಿನ ಒಂದು ಕಾಲೇಜಿನ ವಾರ್ಷಿಕೋತ್ಸವ. ಮಕ್ಕಳ ಹಾಡುಗಳಿಗೆ ನುಡಿಸಲು ನನ್ನನ್ನು ಕರೆದಿದ್ದರು. ಆಹ್ವಾನ ಪತ್ರಿಕೆ ಕೈಗೆ ಬಂದಾಗ ಕೆಳಗಿನ ಸಾಲು ನೋಡಿದೆ: ನಂತರ ರಸಮಂಜರಿ. ಮಾಸ್ಟ್ರ ತಂಡ. ಎರಡು ಸಲ ಓದಿದೆ. ಅಬ್ಬಿಯನ್ನು ಕರೆದೆ, ಕಾಲು ಹಿಡಿಯುವುದೊಂದು ಬಾಕಿ. "ನೀ ಹೋಯ್ ಬಾ ಮಗಾ, ನಂಗೆ ಯಾಪಾರ ಇತ್ತ್," ಎಂದು ಅದೇ ಮಾತು. ನಾನು ರೇಷ್ಮೆ ಸೀರೆ ಉಟ್ಟು, ಸಿಂಬೆ ಇಟ್ಟು, ಕೀಬೋರ್ಡನ್ನು ತಲೆಯ ಮೇಲೆ ಹೊತ್ತೇ ಕಾಲೇಜಿನ ಗೇಟಿನಿಂದ ಸ್ಟೇಜಿಗೆ ಹೋದೆ. ನೋಡಿದವರು ನೋಡಲಿ.

ನನ್ನ ಪಾಲು ಮುಗಿದಾಗ ಇನ್ನೂ ಬಿಸಿಲಿತ್ತು. ನನ್ನ ಬೆಂಚು ಬದಿಗೆ ಸರಿಸಿ ಮಾಸ್ಟ್ರ ತಂಡ ಸಜ್ಜಾಯಿತು. ಕೂದಲು ಬೆಳ್ಳಗಾಗಿ, ಹೊಟ್ಟೆ ಸ್ವಲ್ಪ ಬಂದಿತ್ತು, ಕುತ್ತಿಗೆಯನ್ನು ಎತ್ತಿ ನಿಲ್ಲುವ ಠೀವಿ ಹಾಗೇ ಇತ್ತು. ನನ್ನತ್ತ ನೋಡಿ ಗುರುತಿಲ್ಲದವರಿಗೆ ನಗುವ ಹಾಗೆ ನಕ್ಕರು. ಮೊದಲ ಹಾಡು ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಜನರೇಟರ್ ಬಂತು, ಹೆಚ್ಚೇ ಬಂತು. ದೀಪಗಳು ಒಮ್ಮೆ ಬೆಳ್ಳಗೆ ಉರಿದವು, ಮಾಸ್ಟ್ರ ಕೀಬೋರ್ಡಿನಿಂದ ಸುಟ್ಟ ವಾಸನೆ ಹೊರಟಿತು.

ಕಾರ್ಯಕ್ರಮದ ಹೊಣೆ ಹೊತ್ತ ಲೆಕ್ಚರರ್ ಓಡಿ ಬಂದು ನನ್ನನ್ನು ಕೇಳಿಕೊಂಡರು. ಮಾಸ್ಟ್ರೂ ಬಂದರು. "ಹ್ವಾಯ್ ಮೇಡಂ, ನಿಮ್ದ್ ಒಂದ್ ಗಳ್ಗಿ ಕೊಡಿ. ನಾವ್ ಹಳಬ್ರ್, ಯಾವ್ದ್ ಕೊಟ್ರೂ ನುಡ್ಸ್ತೆ."

ಈ ಮಾತು ಅವರೇ ಹೇಳಿದ್ದು. ನಾನು ಬಾಯಿ ಬಿಡಿಸಿದ್ದಲ್ಲ.

"ಅಗತ್ಯ ನುಡಿಸಿ ಮಾಸ್ಟ್ರೇ," ಎಂದು ಕುರ್ಚಿ ಬಿಟ್ಟುಕೊಟ್ಟೆ. ಪಕ್ಕದಲ್ಲೇ ಇನ್ನೊಂದು ಕುರ್ಚಿ ಹಾಕಿಕೊಂಡು ಲ್ಯಾಪ್‌ಟಾಪನ್ನು ಮಡಿಲಲ್ಲಿ ಇಟ್ಟುಕೊಂಡೆ. ಶ್ರುತಿ ಬದಲಿಸಲು ಅದರಲ್ಲಿ ಒಂದೇ ಒಂದು ಗುಂಡಿ ಒತ್ತಬೇಕು. ನನ್ನ ಹೆಬ್ಬೆರಳು ಅದರ ಮೇಲೆಯೇ ಇತ್ತು.

ಹಾಡುವವನು ಅವರ ತಂಡದವನೇ. "ಕಪ್ಪು ಒಂದು," ಎಂದ. ಮಾಸ್ಟ್ರ ಎಡಗೈ ಅಭ್ಯಾಸದಂತೆ ಮೇಲೆ ಹೋಯಿತು, ಬಟನ್ ಹುಡುಕಿತು. ಎರಡು ಬಟನ್ ಸಿಕ್ಕವು. ಒಂದನ್ನು ಒತ್ತಿದರು. ಅದು ಶ್ರುತಿಯದ್ದಲ್ಲ, ಇಡೀ ಸ್ಥಾಯಿಯನ್ನೇ ಏರಿಸುವುದು. ಒತ್ತಿ ನುಡಿಸಿದಾಗ ಹಕ್ಕಿಮರಿ ಚಿಲಿಪಿಲಿಗುಟ್ಟಿದಂತಾಯಿತು. ಇನ್ನೊಂದನ್ನು ಎರಡು ಸಲ ಒತ್ತಿದರು, ಎಮ್ಮೆ ಕೂಗಿದಂತಾಯಿತು. ಮುಂದಿನ ಸಾಲಿನ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದರು. ಮಾಸ್ಟ್ರು ನೆಟ್ಟಗೆ ಕೂತು ಕಪ್ಪು ಒಂದರಲ್ಲೇ ನುಡಿಸಲು ಹೋದರು. ಬೆರಳು ಬಿಳಿ ಒಂದರ ದಾರಿಗೇ ಜಾರಿತು. ಮೇಲಿಂದ ಕೀಯ ಭಾರ. ಅರ್ಧಕ್ಕೆ ಒತ್ತಿದ ಕೀಗಳು ಸದ್ದೇ ಕೊಡಲಿಲ್ಲ. ಹಾಡುವವನು ಒಂದು ಕಡೆ, ಇವರು ಒಂದು ಕಡೆ. ಅವನು ನಿಲ್ಲಿಸಿದ.

ಮಾಸ್ಟ್ರು ನನ್ನತ್ತ ಬಗ್ಗಿದರು. ಎದುರಿಗಿದ್ದ ಮೈಕ್ ಆನ್ ಇತ್ತು.

"ಟ್ರಾನ್ಸ್‌ಪೋಸ್ ಎಲ್ಲಿತ್ತ್ ಮೇಡಂ?"

ಇಡೀ ಕಾಲೇಜು ಕೇಳಿತು. ನನ್ನ ಶಿಷ್ಯರೇ ಹತ್ತಿಪ್ಪತ್ತು ಜನ ಕೆಳಗಿದ್ದರು, ಏನು ಕೇಳಿದರು ಎಂದು ಅವರಿಗೆ ಚೆನ್ನಾಗಿ ಗೊತ್ತಾಯಿತು. ನನ್ನ ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು. ಒತ್ತಲಿಲ್ಲ. ಮೈಕನ್ನು ನನ್ನ ಕಡೆಗೆ ತಿರುಗಿಸಿಕೊಂಡು ಹೇಳಿದೆ:

"ಇದ್ರಗೆ ಇಲ್ಲ ಮಾಸ್ಟ್ರೇ. ಬೆರಳಗೇ ಮಾಡ್ಕ್."

ಹಾಲ್ ನಕ್ಕಿತು. ಎಷ್ಟು ಚೆಂದದ ನಗು ಅದು! ಮಾಸ್ಟ್ರು ಮುಖ ಕೆಂಪಗೆ ಮಾಡಿಕೊಂಡು "ಇದೆಂತ ಕೀಬೋರ್ಡಾ, ಒರಳ್ ಕಲ್ಲಾ? ಮನುಷ್ಯರಿಗೆ ನುಡ್ಸುಕೆ ಆತ್ತಾ ಇದ್ರಗೆ?" ಎಂದರು. ಕುಣಿಯಲಾರದವಳಿಗೆ ನೆಲ ಡೊಂಕು. ಹದಿಮೂರು ವರ್ಷ ಇದೇ ಒಂದು ಸಂದಿಗಾಗಿ ಕಾದಿದ್ದೆ.

"ಮೀನ್ ಕೊಚ್ಚು ಕೈಗೆ ಆತ್ತ್," ಎಂದೆ, ಮೈಕಿನಲ್ಲೇ. "ಏಳಿ."

ಅವರು ಎದ್ದರು. ನಾನು ಕೂತೆ. ಕಪ್ಪು ಒಂದರಲ್ಲಿ ಅವರ ಗಾಯಕನಿಗೆ ನಾಲ್ಕು ಹಾಡು ನುಡಿಸಿದೆ. ಕುಟ್ಟಬೇಕಾದಲ್ಲಿ ಕುಟ್ಟಿದೆ, ತಟ್ಟಬೇಕಾದಲ್ಲಿ ತಟ್ಟಿದೆ. ನಡುವೆ ಒಮ್ಮೆ ಬದಿಗೆ ನೋಡಿದೆ. ಮಾಸ್ಟ್ರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಆ ಹೊತ್ತಿನ ಸುಖವನ್ನು ನಾನು ಯಾರ ಎದುರೂ ಮುಚ್ಚಿಡುವುದಿಲ್ಲ. ಅಂಥ ಸುಖ ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ.

ಅದು ಕಾಲು ಗಂಟೆ ಬಾಳಿತು. ವಯರು ಸುತ್ತುತ್ತಿದ್ದಾಗ ಮಾಸ್ಟ್ರು ಬಂದರು. ಜಗಳಕ್ಕೆ ಬಂದರು ಎಂದು ಸೆರಗು ಸಿಕ್ಕಿಸಿದೆ.

"ಬೆರಳ್ ಲಾಯ್ಕ್ ಇತ್ತ್ ಮೇಡಂ ನಿಮ್ದ್," ಎಂದರು. "ಯಾವ ಊರ್ ಆಯ್ತ್? ಯಾರ್ ಹತ್ರ ಕಲ್ತದ್?"

ಹೇಳಿದೆ. ಕೇರಿಯ ಹೆಸರು, ಭಜನಾ ಮಂದಿರ, ಎರಡನೇ ಕೀಬೋರ್ಡ್, ಮದುವೆ, ಮುರಿದ ಕೀ, ಮೆಟ್ಟುಗತ್ತಿಯ ಮಾತು, ಎಲ್ಲ ಬಿಡಿಸಿ ಬಿಡಿಸಿ ಹೇಳಿದೆ. ಅವರು ಹುಬ್ಬು ಗಂಟಿಕ್ಕಿ ನಿಜವಾಗಿಯೂ ಯೋಚಿಸಿದರು.

"ಹೌದಾ? ನೆನ್ಪ್ ಬತ್ತಿಲ್ಲೆ ಮೇಡಂ. ಎಷ್ಟೋ ಜನ ಬಂದ್ ಹೋಯಿರ್ ನಮ್ಮ ತಂಡದಂಗೆ." ಹೇಳಿ ವ್ಯಾನ್ ಹತ್ತಿ ಹೋದರು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ನಾನು ಆನೆಯನ್ನೇ ತಲೆ ಮೇಲೆ ಹೊತ್ತು ತಂದಿದ್ದೆ, ಆ ಮನುಷ್ಯನಿಗೆ ಅಡಿಕೆಯೇ ನೆನಪಿಲ್ಲ. ಬಸ್ಸಿನಲ್ಲಿ ಕೀಬೋರ್ಡನ್ನು ಅಪ್ಪಿ ಹಿಡಿದು ಕೂತು ಹಲ್ಲು ಕಚ್ಚಿದೆ. ಮರೆತವನನ್ನು ಏನು ಮಾಡಿ ಶಿಕ್ಷಿಸುವುದು?

ಮರುದಿನ ಬೆಳಿಗ್ಗೆ ಅಬ್ಬಿಗೆ ಎಲ್ಲ ಹೇಳಿದೆ. ಅವಳು ಅಂಗಳದಲ್ಲಿ ಬುಟ್ಟಿ ತೊಳೆಯುತ್ತಿದ್ದಳು. ಹಕ್ಕಿಮರಿ ಸದ್ದು ಬಂದದ್ದಕ್ಕೆ ನಕ್ಕಳು, ಎಮ್ಮೆ ಕೂಗಿದ್ದಕ್ಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನೆನಪಿಲ್ಲ ಎಂದರು ಎಂದಾಗ ಮಾತ್ರ ನಗಲಿಲ್ಲ. ಬುಟ್ಟಿಯನ್ನು ಕವುಚಿ ಹಾಕಿದಳು.

"ನಿಂದ್ ಒಂದ್ ದಿನದ್ದ್ ಹೆಣ್ಣೆ," ಎಂದಳು. "ನಾನ್ ಹದ್ಮೂರ್ ವರ್ಷ ಆಯ್ತ್, ಅವ್ರಿಗೆ ಒಂದ್ ವಾರವೂ ತಾಜಾ ಮೀನ್ ಕೊಡ್ಲಿಲ್ಲ."

"ಎಂತ? ಕೊಸರ್ ಬೇರೆ ಹಾಕ್ತ್ಯಲೆ!" ಎಂದೆ.

"ಆ ಮದಿ ಆದ್ ವಾರ ಬಂದ್ರ್ ಕಾಣ್. ಸ್ಕೂಟ್ರಿಂದ ಇಳೀಲಿಲ್ಲ, ಮುಖ ಕಾಣ್ಲಿಲ್ಲ, 'ಲಾಯ್ಕಿಪ್ಪುದ್ ಹಾಕ್' ಅಂದ್ರ್. ಕೆಳ್ಗಿನ್ ಐಸ್ ಪೆಟ್ಗಿಯಂಗೆ ಹಿಂದಿನ್ ದಿನದ್ದ್ ಉಳ್ದಿತ್ತ್. ಅದನ್ನೇ ಹಾಕ್ದೆ, ಮೇಲಿಂದ ಎರಡ್ ಕೊಸರ್. ಖುಷಿ ಆಯ್ತ್ ಅವ್ರಿಗೆ. ಅಲ್ಲಿಂದ ಮತ್ತ್ ಬೇರೆಯವ್ರ್ ಹತ್ರ ಹೋಯ್ಲೇ ಇಲ್ಲ."

"ಗೊತ್ತೇ ಆಯ್ಲಿಲ್ಯಾ ಅವ್ರಿಗೆ?"

"ಕೊಸರ್ ಸಿಕ್ಕಿರೆ ಮೀನ್ ಕಣ್ಣ್ ಯಾರ್ ಕಾಂತ್ರ್?" ಎಂದಳು. ತಾಜಾ ಹೌದೋ ಅಲ್ಲವೋ ಎಂದು ಮೀನಿನ ಕಣ್ಣೇ ಹೇಳುತ್ತದೆ. ಆಮೇಲೆ ಗಂಭೀರವಾಗಿ, "ಹಾಳಾದ್ದ್ ಕೊಡ್ಲಿಲ್ಲ ಮತ್ತೆ. ಹೊಟ್ಟಿ ಕೆಟ್ರೆ ಪಾಪ ನಂಗೆ. ರುಚಿ ಇಪ್ಪುದಿಲ್ಲ, ಅಷ್ಟೇ."

ಕೊಸರಿಗಾಗಿ ನಾನು ಕೂಗಾಡಿದ್ದು ನೆನಪಾಯಿತು. ಹದಿಮೂರು ವರ್ಷ ನಾನು ಸಿಟ್ಟನ್ನು ಹೊತ್ತು ತಿರುಗಿದೆ, ಇವಳು ಅದನ್ನು ವಾರ ವಾರ ಕಟ್ಟಿ ಕೊಟ್ಟು ಕಳಿಸಿದಳು. ಆ ಮನುಷ್ಯನಿಗೆ ನೆನಪಿರಬೇಕೆಂಬ ಹಟವೂ ಅವಳಿಗಿರಲಿಲ್ಲ. ಒದ್ದೆ ಕೈಗಳನ್ನು ಅವಳು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಆ ಕೈಗಳನ್ನೇ ನೋಡುತ್ತಾ ನಿಂತೆ.

ಭಾನುವಾರ ಹದಿಮೂರು ವರ್ಷದ ನಂತರ ಮಾರ್ಕೆಟ್ಟಿಗೆ ಹೋಗಿ ಅವಳ ಪಕ್ಕದಲ್ಲಿ ಮೆಟ್ಟುಗತ್ತಿ ಹಾಕಿ ಕೂತೆ. ಹತ್ತು ಗಂಟೆಗೆ ಸ್ಕೂಟರ್ ಬಂತು. ಮಾಸ್ಟ್ರು ಇಳಿಯಲಿಲ್ಲ, ಇಂಜಿನ್ ಆರಿಸಲಿಲ್ಲ. ನನ್ನನ್ನೂ ನೋಡಲಿಲ್ಲ.

"ಬನಿ ಮಾಸ್ಟ್ರೇ," ಎಂದು ಅಬ್ಬಿ ಹಲ್ಲು ಬಿಟ್ಟು ನಕ್ಕಳು. "ನಿಮ್ಗಂತ್ಲೇ ತೆಗ್ದ್ ಇಟ್ಟಿದೆ."

ನಾನು ಕೆಳಗಿನ ಐಸ್ ಪೆಟ್ಟಿಗೆಗೆ ಕೈ ಹಾಕಿ, ಇನ್ನೂ ಎರಡು ಬಂಗ್ಡೆ ಆರಿಸಿ, ಚೆಂದ ಮಾಡಿ ಕೊಚ್ಚಿ ಕೊಸರು ಹಾಕಿದೆ.